ಆರನೆಯ ಪರದೆ

ಮಾರ್ಚ್ 4, ಸೋಮವಾರ

…ಪಕ್ಕಕ್ಕೆ ಸರಿಸಿ ಹಿಂದೆ ಏನಿದೆ ಅಂತ ನೋಡುತ್ತೀರಿ, ಅಂದಳು ಹೆಂಡತಿ. ಅಷ್ಟು ಖಚಿತ. ಬಾಗಿಲ ಹತ್ತಿರ ನಿಂತು, ಚೀಲದ ಪಟ್ಟಿಯನ್ನು ಹೆಗಲಿಗೆ ಏರಿಸುತ್ತ: "ನಾನು ಎದುರಿಗೆ ಬಂದು ನಿಂತ್ರೆ, ನನ್ನ ಪಕ್ಕಕ್ಕೆ ಸರಿಸಿ ಹಿಂದೆ ಏನಿದೆ ಅಂತ ನೋಡ್ತೀರಿ." ಅದರ ಮೇಲೆ ಇನ್ನೂ ಒಂದು ಮಾತು ಅಂದಳು. ಅದು ಸಿಕ್ಕಲಿಲ್ಲ. ನನ್ನ ಕೆಲಸದಲ್ಲಿ ಇಂಥ ಕಡೆ 'ಅಸ್ಪಷ್ಟ' ಎಂದು ಹಾಕಿ ಮುಂದಕ್ಕೆ ಹೋಗುತ್ತೇವೆ.

ಯಾರ್ಯಾರದೋ ಸಮಿತಿ, ಯಾರ್ಯಾರದೋ ಸಭೆ. ಅವರು ಮಾತಾಡಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಅಕ್ಷರ ಬಿಡದೆ ಟೈಪು ಮಾಡುವುದು ನನ್ನ ಹೊಟ್ಟೆಪಾಡು. ಮೇಜಿನ ಅಡಿಯಲ್ಲಿ ಒಂದು ಪೆಡಲ್ ಇದೆ. ಒತ್ತಿದರೆ ಮಾತು ತುಸು ಹಿಂದಕ್ಕೆ ಹೋಗಿ ಮತ್ತೆ ಬರುತ್ತದೆ. ಅವಳು ಬಾಗಿಲಲ್ಲಿ ನಿಂತಾಗಲೂ ನನ್ನ ಬಲಗಾಲು ನೆಲವನ್ನು ಒತ್ತಿತು. ನೆಲದಿಂದ ಏನೂ ಆಗಲಿಲ್ಲ. ಅವಳು ಮೆಟ್ಟಿಲು ಇಳಿಯುತ್ತಿದ್ದಳು.

ಹೋಗಿರುವುದು ಕೆಲಸದ ಮೇಲೆ. ದೂರದ ಊರಿನಲ್ಲಿ ಹೊಸ ನೀರು ಪರೀಕ್ಷಾಲಯ, ಅದನ್ನು ಕಟ್ಟಿ ನಿಲ್ಲಿಸಿ ಕೊಡುವವರೆಗೆ. ವರ್ಗವನ್ನು ತಾನೇ ಕೇಳಿ ಪಡೆದಳಂತೆ.

ಇಡೀ ದಿನ ಯೋಚಿಸಿದೆ. ಮನುಷ್ಯ ಒಂದನ್ನು ಪಕ್ಕಕ್ಕೆ ಸರಿಸುವುದು ಜಾಗ ಇಲ್ಲದಾಗ. ನನ್ನದು ಒಂಟಿ ಪರದೆಯ ಕಂಪ್ಯೂಟರ್. ಒಂದನ್ನು ಸರಿಸದೆ ಇನ್ನೊಂದು ಕಾಣದು. ಇಷ್ಟು ವರ್ಷ ಹೀಗೆ ಬದುಕಿದವನಿಗೆ ಬೇರೆ ಅಭ್ಯಾಸ ಎಲ್ಲಿಂದ ಬರಬೇಕು? ದೋಷ ಸ್ವಭಾವದ್ದಲ್ಲ, ಜಾಗದ್ದು.

ಹೊಸ ಕಂಪ್ಯೂಟರ್ ಕಟ್ಟುತ್ತೇನೆ. ಪರದೆಗಳು ಆರು.

ಮಾರ್ಚ್ 5, ಮಂಗಳವಾರ

ಹೆಂಡತಿ ಹೋದಳು, ಹೆಂಡತಿಯ ಅಪ್ಪ ಉಳಿದರು. ಮನೆ ಅಳಿಯ ಇರುವ ಮನೆಗಳನ್ನು ನೋಡಿದ್ದೇನೆ. ಮನೆ ಮಾವ ಇರುವ ಮನೆ ನಮ್ಮದೇ ಮೊದಲಿರಬೇಕು. "ಅವಳಿರೋ ಕಡೆ ಮೆಟ್ಟಿಲು ಜಾಸ್ತಿ" ಎಂಬುದು ಅವರು ಕೊಟ್ಟ ಕಾರಣ. ಹಿಂದಿನ ಕೋಣೆಯಲ್ಲಿರುತ್ತಾರೆ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಘೋಷಣೆ ಮಾಡುತ್ತಿದ್ದವರು. ಅವರು ನಿವೃತ್ತರಾಗಿದ್ದಾರೆ, ದನಿ ಆಗಿಲ್ಲ. ಚಹಾ ಬೇಕಾದರೆ "ದಯವಿಟ್ಟು ಗಮನಿಸಿ" ಎಂದು ಶುರುಮಾಡುತ್ತಾರೆ.

ಆರು ಪರದೆಯ ವಿಷಯ ಹೇಳಿದೆ.

"ಆರು ಯಾಕೆ ಅಳಿಯಂದ್ರೇ? ಕಣ್ಣು ಎರಡೇ ಅಲ್ವಾ?"

"ಒಂದೊಂದರಲ್ಲಿ ಒಂದೊಂದು ಇರುತ್ತೆ ಮಾವ. ಯಾವುದನ್ನೂ ಸರಿಸಬೇಕಾಗಿಲ್ಲ."

"ನಮ್ಮ ನಿಲ್ದಾಣದಲ್ಲೂ ಹನ್ನೆರಡು ಕಡೆ ಬಸ್ ನಿಲ್ಲೋದು. ಜನ ಮಾತ್ರ ಯಾವತ್ತೂ ಬಸ್ ನಿಲ್ಲದೇ ಇರೋ ಕಡೆನೇ ನಿಂತಿರೋರು."

ಅವರ ಮಾತಿಗೂ ನಾನು ಹೇಳಿದ್ದಕ್ಕೂ ಏನು ಸಂಬಂಧವೋ ತಿಳಿಯಲಿಲ್ಲ.

ಮಾರ್ಚ್ 9, ಶನಿವಾರ

ಬಿಡಿಭಾಗಗಳ ಅಂಗಡಿ. ಗಲ್ಲಾದ ಹಿಂದೆ ಕೂತಾಕೆ ಕನ್ನಡಕವನ್ನು ಹಣೆಗೇರಿಸಿ ಕೇಳಿದಳು: "ಆರರಲ್ಲಿ ಏನ್ ನೋಡ್ತೀರಾ ಸಾರ್? ಶೇರು?"

"ಇಲ್ಲ."

"ಮನೆ ಸುತ್ತ ಕ್ಯಾಮೆರಾ ಹಾಕ್ಸಿದೀರಾ?"

"ಇಲ್ಲ."

"ಹಾಗಾದ್ರೆ ಆಟ."

"ನನ್ನ ವಯಸ್ಸು ನೋಡಿ."

"ಆಡೋರೆಲ್ಲ ನಿಮ್ಮ ವಯಸ್ಸಿನೋರೇ ಸಾರ್. ಮತ್ತೆ?"

"ಸಭೆಯ ನಡಾವಳಿ."

ಆಕೆ ಪೆನ್ನು ಕೆಳಗಿಟ್ಟಳು. ಮತ್ತೆ ಎತ್ತಿಕೊಂಡು, ಬಹಳ ಮೆತ್ತಗೆ ವಿವರಿಸತೊಡಗಿದಳು. ಒಂದು ಗ್ರಾಫಿಕ್ಸ್ ಕಾರ್ಡಿಗೆ ಪರದೆ ಜೋಡಿಸಲು ನಾಲ್ಕೇ ಕಿಂಡಿ. ಆರು ಬೇಕಾದರೆ ಎರಡು ಕಾರ್ಡು. ಎರಡು ಕಾರ್ಡಿಗೆ ಹೆಚ್ಚು ಕರೆಂಟು. ಹೆಚ್ಚು ಕರೆಂಟಿಗೆ ಹೆಚ್ಚು ಬಿಸಿ, ಬಿಸಿಗೆ ಫ್ಯಾನು, ಫ್ಯಾನಿಗೆ ದೊಡ್ಡ ಡಬ್ಬ. ಒಂದು ಸುಳ್ಳಿನ ಹಿಂದೆ ಹತ್ತು ಸುಳ್ಳು ನಿಲ್ಲಿಸಿದ ಹಾಗೆ.

"ಎರಡು ಪರದೆ ಸಾಕಲ್ವಾ ಸಾರ್?" ಅಂದಳು ಕೊನೆಗೆ, ಅಂಗಡಿಯವರು ಆಡಬಾರದ ಮಾತನ್ನು.

ಮನೆಗೆ ಬಂದು ಹಂಚಿಕೆ ಮಾಡಿದೆ. ಒಂದರಲ್ಲಿ ಧ್ವನಿ, ಎರಡರಲ್ಲಿ ಟೈಪಿಂಗ್, ಮೂರರಲ್ಲಿ ನಿಘಂಟು, ನಾಲ್ಕರಲ್ಲಿ ಸಭೆಯಲ್ಲಿ ಯಾರು ಎಲ್ಲಿ ಕೂತಿದ್ದರು ಎಂಬ ನಕ್ಷೆ. ಐದು ಅವಳಿಗೆ. ಅಂಚೆ, ಸಂದೇಶ, ಅವಳಿಂದ ಏನು ಬಂದರೂ ಅಲ್ಲಿ. ಆ ಪರದೆಯಲ್ಲಿ ಬೇರೆ ಏನನ್ನೂ ತೆರೆಯುವುದಿಲ್ಲ. ಆರರಲ್ಲಿ ಏನು?

ಆರರಲ್ಲಿ ಏನೂ ಹೊಳೆಯಲಿಲ್ಲ. ಆದರೆ ಐದಕ್ಕೆ ನಿಲ್ಲಿಸಿದರೆ ಮತ್ತೆ ಜಾಗ ಸಾಲದೇ ಹೋಗಬಹುದು.

ಮಾರ್ಚ್ 16, ಶನಿವಾರ

ಊಟದ ಮೇಜಿನ ಮೇಲೆ ಕಂಪ್ಯೂಟರ್ ಬಿಚ್ಚಿಕೊಂಡು ಕೂತಿದೆ. ನಾವಿಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇವೆ. ಮಾವ ಟಾರ್ಚು ಹಿಡಿದರು. ಕೈ ನಡುಗುವುದರಿಂದ ಬೆಳಕು ನನಗೆ ಬೇಕಾದ ಸ್ಕ್ರೂ ಒಂದನ್ನು ಬಿಟ್ಟು ಉಳಿದೆಲ್ಲದರ ಮೇಲೂ ಬಿತ್ತು.

ಹಳೆಯ ಡಿಸ್ಕನ್ನು ಇದ್ದ ಹಾಗೇ ಹೊಸದರೊಳಗೆ ಕೂರಿಸಿದೆ. ಅದರಲ್ಲಿ ಎಲ್ಲ ಹಾಗೇ ಇದೆ. ಹಿಂದೊಮ್ಮೆ ತರಬೇತಿಗೆ ಹೋಗಿದ್ದಾಗ ಅವಳು ತನ್ನಪ್ಪನಿಗಾಗಿ ಮಾಡಿಟ್ಟಿದ್ದ ವಿಡಿಯೋ ಕರೆಯ ಏರ್ಪಾಟೂ ಇದೆ. ಮಾವನಿಗೆ ಯಾವ ಗುಂಡಿ ಒತ್ತಬೇಕೆಂದು ತಿಳಿಯದು. ಅದಕ್ಕೆ ಅವಳ ಕರೆ ಎರಡು ಸಲ ಗುಣುಗುಟ್ಟಿ ತಾನೇ ಎತ್ತಿಕೊಳ್ಳುವ ಹಾಗೆ ಮಾಡಿದ್ದಳು. ಕ್ಯಾಮೆರಾ, ಸ್ಪೀಕರು ಎರಡನ್ನೂ ಹಣೆಯಲ್ಲೇ ಇಟ್ಟುಕೊಂಡ ಹಳೆಯ ಪರದೆಯನ್ನು ಎಸೆಯಲು ಮನಸ್ಸು ಬರಲಿಲ್ಲ. ಅದೇ ಆರನೆಯದು.

ಸ್ವಿಚ್ಚು ಹಾಕಿದಾಗ ಏಳು ಫ್ಯಾನುಗಳೂ ಒಟ್ಟಿಗೆ ಎದ್ದವು. ಮಾವ ಕಿವಿಗೊಟ್ಟು ಕೇಳಿ, "ಇದು ಯಾವ ಊರಿಗೆ ಹೊರಡೋದು?" ಅಂದರು.

ಮಾರ್ಚ್ 17, ಭಾನುವಾರ

ಮೇಜಿನ ಮೇಲೆ ಐದೇ ಹಿಡಿಯುತ್ತವೆ. ಆರಕ್ಕೆ ಜಾಗವಿಲ್ಲ. ಜಾಗಕ್ಕಾಗಿ ತಂದದ್ದಕ್ಕೇ ಜಾಗವಿಲ್ಲ.

ಮಧ್ಯಾಹ್ನ ಒಂದು ಉಪಾಯ ಹೊಳೆಯಿತು. ಮಾವನ ಕೋಣೆ ಮೊದಲು ಸಾಮಾನಿನ ಕೋಣೆಯಾಗಿತ್ತು, ಅದಕ್ಕೆ ಕಿಟಕಿ ಇಲ್ಲ. ಗೋಡೆಗುಂಟ ಉದ್ದ ಕೇಬಲ್ ಎಳೆದು, ಆರನೆಯ ಪರದೆಯನ್ನು ಅವರ ಮಂಚದ ಎದುರಿಗೆ ಇಟ್ಟೆ. ಒಂದು ಮರದ ವಿಡಿಯೋ ಹಾಕಿದೆ: ಗಾಳಿಗೆ ಕೊಂಬೆ ಆಡುತ್ತದೆ, ಕಾಗೆ ಬಂದು ಕೂರುತ್ತದೆ, ಹಾರುತ್ತದೆ, ಮತ್ತೆ ಮೊದಲಿನಿಂದ. ಅದು ಕೋಣೆಯ ಬಾಗಿಲಿಗೆ ಬೆನ್ನು ಹಾಕಿ ನಿಂತಿದೆ, ಮಂಚಕ್ಕೆ ಮುಖ.

"ನಿಮಗೆ ಕಿಟಕಿ ಮಾವ."

ಪರದೆಯ ಮುಂದೆ ಕೈ ಚಾಚಿ ನೋಡಿದರು. "ಗಾಳಿ ಬರ್ತಿಲ್ವಲ್ಲ."

ಪಕ್ಕಕ್ಕೆ ಟೇಬಲ್ ಫ್ಯಾನ್ ಇಟ್ಟೆ. ಕೊಂಬೆ ಆಡುವಾಗ ಅವರ ಬಿಳಿಕೂದಲೂ ಆಡಿತು. ಇಬ್ಬರಿಗೂ ಸಮಾಧಾನವಾಯಿತು.

ಮಾರ್ಚ್ 21, ಗುರುವಾರ

ಮೌಸಿನ ಬಾಣ ಕಳೆದುಹೋಯಿತು. ಐದು ಪರದೆಯಲ್ಲೂ ಹುಡುಕಿದೆ. ಫ್ಯಾನುಗಳ ಗದ್ದಲಕ್ಕೆ ಹೆಡ್‌ಫೋನನ್ನು ಈಗ ಇನ್ನೂ ಬಿಗಿಯಾಗಿ ಹಾಕಿಕೊಳ್ಳುತ್ತೇನೆ; ಆದರೂ ಹಿಂದಿನ ಕೋಣೆಯಿಂದ ಘೋಷಣೆ ಕೇಳಿಸಿತು.

"ದಯವಿಟ್ಟು ಗಮನಿಸಿ. ಅಳಿಯಂದಿರ ಬಾಣ ಮರದ ಮೇಲೆ ಬಂದು ನಿಂತಿದೆ."

ಐದರ ಬಲ ಅಂಚು ದಾಟಿದರೆ ಬಾಣ ಮಾವನ ಕೋಣೆಗೆ ಹೋಗುತ್ತದೆ ಎಂದು ಗೊತ್ತಾಯಿತು. "ಎಡಕ್ಕೆ… ಎಡಕ್ಕೆ… ಕಾಗೆಗೆ ತಾಗೀತು… ಹೊರಟಿತು" ಎಂದು ಅವರು ಹೇಳುತ್ತ ಹೋದರು, ನಾನು ಎಳೆಯುತ್ತ ಹೋದೆ.

ಐದನೆಯ ಪರದೆಯಲ್ಲಿ ಏನೂ ಇಲ್ಲ. ಊರು ತಲುಪಿದ ದಿನ "ಬಂದು ಮುಟ್ಟಿದೆ" ಎಂದು ಬರೆದಿದ್ದಳು. ನಾನು "ಸರಿ" ಎಂದು ಬರೆದೆ. ಅದರ ಕೆಳಗೆ ಬಿಳಿ.

ಮಾರ್ಚ್ 25, ಸೋಮವಾರ

ಊಟದ ತಟ್ಟೆ ತರಲು ಹೋದೆ. ಮಾವ ಗೆಲುವಾಗಿದ್ದರು.

"ಇವತ್ತು ಕಿಟಕೀಲಿ ಮಗಳು ಬಂದಿದ್ಳು. ಕೆಮ್ಮು ಅವಳಿಗೆ."

ನಾನು ತಟ್ಟೆ ಹಿಡಿದು ನಿಂತೆ. ಬಾಗಿಲಿಂದ ಪರದೆಯ ಬೆನ್ನು ಕಾಣುತ್ತಿತ್ತು. ಬಗ್ಗಿ ಈಚೆ ಬಂದು ನೋಡಿದೆ. ಮರ, ಕಾಗೆ.

"ನೀವೂ ಬರಬಹುದಿತ್ತು" ಅಂದರು. "ನಾನು ಕೂಗಿದೆ. ನಿಮ್ಮ ಕಿವಿ ಮೇಲೆ ಆ ಬೋಗುಣಿಗಳು."

ಬಾಣವನ್ನು ದಾರಿಗೆ ತಂದವರು ಇವರೇನಾ ಅನ್ನಿಸಿತು. ವಯಸ್ಸು ಒಮ್ಮೆಲೇ ಬರುವುದಂತೆ. ಕೆಮ್ಮಂತೆ. ಅವಳಿಗೆ ಋತು ಬದಲಾದಾಗಲೆಲ್ಲ ಕೆಮ್ಮು ಬರುತ್ತದೆ, ನಿಜ. ಅದು ಅಪ್ಪನ ನೆನಪಿನಲ್ಲಿ ಉಳಿದಿರಬೇಕು.

ಮಾರ್ಚ್ 28, ಗುರುವಾರ

ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯಿರಿ, ಎಲ್ಲ ಆಯಿತು. ಮಾವ ವಾರದ ಜೊತೆಗೆ ಈ ಹೊತ್ತಿಗೆ ಯಾವ ಬಸ್ಸು ಎಲ್ಲಿ ನಿಂತಿರುತ್ತದೆ ಅನ್ನುವುದನ್ನೂ ಹೇಳಿದರು.

"ಹೊತ್ತು ಹೇಗೆ ಹೋಗುತ್ತೆ?" ವೈದ್ಯರು ಕೇಳಿದರು.

"ಮಧ್ಯಾಹ್ನ ಮಗಳ ಹತ್ರ ಮಾತಾಡ್ತೀನಿ."

"ಮಗಳು ಮನೇಲೇ ಇದಾರಾ?"

"ಇಲ್ಲ, ದೂರದ ಊರಲ್ಲಿ. ಕಿಟಕೀಲಿ ಬರ್ತಾಳೆ."

ವೈದ್ಯರು ನನ್ನ ಕಡೆ ನೋಡಿದರು. "ಅವರ ಕೋಣೆಗೆ ಕಿಟಕಿ ಇಲ್ಲ" ಎಂದೆ. ಅದು ಸತ್ಯ.

"ಇವರೇ ಹಾಕ್ಸಿಕೊಟ್ಟಿದ್ದು" ಎಂದು ಮಾವ ನನ್ನನ್ನು ತೋರಿಸಿ ನಕ್ಕರು. ಅದೂ ಸತ್ಯ.

ಮಾವನನ್ನು ಹೊರಗೆ ಕೂರಿಸಿ ವೈದ್ಯರು ದನಿ ತಗ್ಗಿಸಿದರು. ಒಂಟಿತನ, ಗಾಬರಿ ಬೇಡ, ವಾದ ಮಾಡಬೇಡಿ, ಇಲ್ಲ ಅನ್ನಬೇಡಿ. ಅವರು ಹೇಳಿದ್ದಕ್ಕೆ ಹೂಂಗುಟ್ಟಿ.

ಏಪ್ರಿಲ್ 2, ಮಂಗಳವಾರ

ಹೂಂಗುಡುತ್ತಿದ್ದೇನೆ. ವಿಚಿತ್ರವೆಂದರೆ ಕಷ್ಟವಾಗುತ್ತಿಲ್ಲ.

"ಕೆಮ್ಮು ಹೇಗಿದೆಯಂತೆ?" ನಾನೇ ಕೇಳಿದೆ.

"ಹಾಗೇ ಇದೆ. ಬಾಯಿ ಬಿಟ್ರೆ ಗೂಡ್ಸ್ ಲಾರಿ ಸ್ಟಾರ್ಟ್ ಆದ ಹಾಗೆ."

"ಬಿಸಿನೀರು ಕುಡಿಯಲಿ ಅನ್ನಿ. ಪರೀಕ್ಷಾಲಯದಲ್ಲಿ ಇಡೀ ದಿನ ನೀರು ನೋಡ್ತಾಳೆ, ಕುಡಿಯೋದು ಮಾತ್ರ ಮರೀತಾಳೆ."

"ನಾಳೆ ಹೇಳ್ತೀನಿ."

ಇಲ್ಲದ ಹೆಂಡತಿಗೆ ಹೇಳಿಕಳಿಸುವುದು ಎಷ್ಟು ಸಲೀಸು.

ಏಪ್ರಿಲ್ 3, ಬುಧವಾರ

"ಕುಡಿದಳಂತೆ. 'ಅವರು ಹೇಳಿದ್ರಾ, ನಿಜವಾಗ್ಲೂ?' ಅಂತ ಎರಡು ಸಲ ಕೇಳಿದ್ಳು."

ಮಾವನ ಕಲ್ಪನೆ ಚೆನ್ನಾಗಿದೆ. ಅವಳು ಹಾಗೇ ಕೇಳುವವಳು.

ಏಪ್ರಿಲ್ 8, ಸೋಮವಾರ

ಮಾವನ ಕಾಲಿನ ಉಗುರು ಕತ್ತರಿಸಿದೆ. ಸಂಜೆಯ ಚಹಾ ಈಗ ಅಲ್ಲೇ ಕುಡಿಯುತ್ತೇನೆ. ಮೇಜಿನ ಮೇಲೆ ಲೋಟ ಇಡಲು ಜಾಗ ಉಳಿದಿಲ್ಲ, ಅದಕ್ಕೆ. ಮರ ಸಾಕಾಗಿದೆ, ಅದೇ ಕಾಗೆ ಬರುತ್ತದೆ, ಅದಕ್ಕೂ ಬೇರೆ ಮನೆ ಇಲ್ಲವೇನೋ ಅಂದರು. ಬೇರೆ ಮರ ಹುಡುಕಬೇಕು.

ಅವಳು ಅಲ್ಲಿ ಒಬ್ಬಳೇ ಉಣ್ಣುತ್ತಾಳಂತೆ. ಊಟದ ಡಬ್ಬಿ ಎದುರಿಗಿಟ್ಟುಕೊಂಡು ಇವರ ಜೊತೆ ಮಾತಾಡುತ್ತಾಳಂತೆ. ಹಸಿರು ಸ್ವೆಟರಿನ ಮೊಣಕೈ ಹರಿದಿದೆಯಂತೆ. ಇಷ್ಟು ವಿವರ ನನಗೆ ಯಾವತ್ತೂ ಹೊಳೆದಿರಲಿಲ್ಲ, ಅವಳು ಇದೇ ಮನೆಯಲ್ಲಿದ್ದಾಗಲೂ.

"ಅವಳ ಕೊಡೆ ಬಾಗಿಲ ಹಿಂದೆ ಹಾಗೇ ಇದೆ ಅನ್ನಿ" ಎಂದೆ. "ನಾನು ನೆನೆದುಕೊಂಡು ಬಂದೆ, ಆದರೆ ಅದನ್ನ ಮುಟ್ಟಲಿಲ್ಲ ಅನ್ನಿ."

ಯಾಕೆ ಹೇಳಿದೆನೋ.

ಏಪ್ರಿಲ್ 12, ಶುಕ್ರವಾರ

ಮೂರು ಮತ್ತು ನಾಲ್ಕರ ಎತ್ತರ ಹೊಂದುತ್ತಿಲ್ಲ. ಮೂರರ ಕೆಳಗೆ ನಿಘಂಟು ಇಟ್ಟು ಎತ್ತರಿಸಿದೆ. ಈಗ ನಿಘಂಟು ಪರದೆಯಲ್ಲೂ ಇದೆ, ಪರದೆಯ ಅಡಿಯಲ್ಲೂ ಇದೆ. ಐದರಲ್ಲಿ ಏನೂ ಇಲ್ಲ.

ಏಪ್ರಿಲ್ 16, ಮಂಗಳವಾರ

ಬೆಳಗಿನಿಂದ ಎರಡನೆಯ ಕಾರ್ಡು ಕೈಕೊಡುತ್ತಿದೆ. ನಾಲ್ಕು ಆರಿದರೆ ಎರಡು ಉರಿಯುತ್ತದೆ, ಎರಡು ಆರಿದರೆ ನಾಲ್ಕು. ಕೊಡಬೇಕಾದ ನಡಾವಳಿ ಕೊಟ್ಟಿಲ್ಲ. ಮೇಜಿನಡಿ ತಲೆ ತೂರಿಸಿಕೊಂಡು ಕೇಬಲ್ಲುಗಳ ಮಧ್ಯೆ ಇದ್ದೆ. ಮಾವನ ಪಾದಗಳು ಬಂದು ನಿಂತವು. ಅಷ್ಟು ದೂರ ಅವರು ನಡೆದು ಬರುವುದಿಲ್ಲ.

"ಅಳಿಯಂದ್ರೇ, ಅವಳನ್ನ ಅಲ್ಲೇ ಖಾಯಂ ಮಾಡ್ತಾರಂತೆ. ಒಪ್ಪಿಗೆನಾ ಅಂತ ಕೇಳಿದಾರೆ. ಏನು ಹೇಳ್ಲಿ ಅಂತ ನಿಮ್ಮನ್ನ ಕೇಳೋಕೆ ಹೇಳಿದಾಳೆ."

"ಇಷ್ಟ ಬಂದ ಹಾಗೆ ಮಾಡಲಿ ಅನ್ನಿ."

"ಅಷ್ಟೇನಾ?"

"ಅಷ್ಟೇ ಮಾವ. ಆ ಪ್ಲಗ್ಗಿನ ಮೇಲೆ ಕಾಲಿಡಬೇಡಿ."

ಪಾದಗಳು ಅಲ್ಲೇ ಇದ್ದವು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನೀವು ಎಷ್ಟು ಸಲ ಉಂಡ್ರಿ, ಎಷ್ಟು ಸಲ ಮಲಗಿದ್ರಿ, ಲೆಕ್ಕ ಇದೆಯಾ?"

ನಾನು ಹೂಂಗುಟ್ಟಿದೆ. ಪಾದಗಳು ನಿಧಾನವಾಗಿ ತಿರುಗಿ ಹೊರಟವು.

ನಾಲ್ಕು ಈಗ ಸರಿಯಾಗಿದೆ. ಒಂದರಿಂದ ಐದರವರೆಗೆ ಬೆಳಕೇ ಬೆಳಕು. ಆದರೂ ಎಲ್ಲಿ ನೋಡಬೇಕೆಂದು ತಿಳಿಯುತ್ತಿಲ್ಲ.

ಏಪ್ರಿಲ್ 18, ಗುರುವಾರ

ಇದನ್ನು ಇದ್ದದ್ದು ಇದ್ದ ಹಾಗೆ ಬರೆದಿಡಬೇಕು.

ಊಟದ ಹೊತ್ತಿಗೆ ಬಾಣ ಮತ್ತೆ ಬಲಕ್ಕೆ ಜಾರಿತು. ಘೋಷಣೆಗೆ ಕಾದೆ. ಬರಲಿಲ್ಲ. ಹೆಡ್‌ಫೋನ್ ತೆಗೆದು ಹೋದೆ. ಮಾವ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು, ತಲೆ ಒಂದು ಕಡೆ ವಾಲಿತ್ತು. ಬಾಣ ಎಲ್ಲಿದೆ ನೋಡೋಣವೆಂದು ಪರದೆಯ ಪಕ್ಕಕ್ಕೆ ಬಂದೆ.

ಮರ ಇರಲಿಲ್ಲ. ಅವಳಿದ್ದಳು.

ಊಟದ ಡಬ್ಬಿ, ಹಿಂದೆ ಸಾಲಾಗಿ ನೀರಿನ ಬಾಟಲಿಗಳು, ಹಸಿರು ಸ್ವೆಟರು, ಹರಿದ ಮೊಣಕೈ. ಮಲಗಿರುವ ಅಪ್ಪನಿಗೆ ಎಚ್ಚರವಾಗಬಾರದೆಂದು ಚಮಚದ ಸದ್ದೂ ಮಾಡದೆ ಉಣ್ಣುತ್ತಿದ್ದಳು. ನನ್ನ ಬಾಣ ಅವಳ ಭುಜದ ಮೇಲೆ ನಿಂತಿತ್ತು.

ಎರಡು ಸಲ ಗುಣುಗುಟ್ಟಿ ತಾನೇ ಎತ್ತಿಕೊಳ್ಳುವುದು. ಹಳೆಯ ಡಿಸ್ಕು. ಹಳೆಯ ಪರದೆ. ನಾನೇ ಕೂರಿಸಿದ್ದು, ನಾನೇ ಇಟ್ಟದ್ದು.

ಒಂದು ಹೆಜ್ಜೆ ಎಡಕ್ಕೆ ಇಟ್ಟಿದ್ದರೆ ಅವಳಿಗೆ ಕಾಣಿಸುತ್ತಿದ್ದೆ. ಇಡಲಿಲ್ಲ. ನನ್ನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅವಳು ಡಬ್ಬಿ ಮುಚ್ಚಿದಳು. ತಲೆ ಎತ್ತದೆ, "ಅಪ್ಪ, ಒಪ್ಪಿಗೆನಾ ಅಂತ ನಾಳೆ ನಾನು ಆಫೀಸಿನೋರಿಗೆ ಹೇಳ್ಬೇಕು" ಅಂದಳು. ಕೆಮ್ಮಿದಳು. ಕೈ ಚಾಚಿದಳು. ಮರ ಬಂತು, ಕಾಗೆ ಬಂದು ಕೂತಿತು.

ಮಾವನಿಗೆ ಎಚ್ಚರವಾದಾಗ ನಾನು ಅವರ ಮಂಚದ ಮೇಲೆ ಕೂತಿದ್ದೆ.

"ನೀವು ಸುಳ್ಳು ಹೇಳ್ತಿರಲಿಲ್ಲ" ಎಂದೆ.

"ಯಾವ ವಿಷಯಕ್ಕೆ?"

ಹೇಳಿದೆ. ವೈದ್ಯರು, ಹೂಂಗುಟ್ಟುವುದು, ಎಲ್ಲ. ಅವರು ಎಷ್ಟು ನಕ್ಕರೆಂದರೆ ಹಲ್ಲಿನ ಸೆಟ್ಟು ತೆಗೆದು ಕೈಯಲ್ಲಿ ಹಿಡಿಯಬೇಕಾಯಿತು. "ನೀವು ಮುನಿಸಿಕೊಂಡಿದೀರಿ ಅಂತ ನಾನು. ನಾನು ಕೆಟ್ಟುಹೋಗಿದೀನಿ ಅಂತ ನೀವು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು." ಹಲ್ಲು ಮತ್ತೆ ಹಾಕಿಕೊಂಡರು. "ಬಾಗಿಲಲ್ಲೇ ಹೇಳಿ ಹೋಗಿದ್ಳಲ್ಲ, ಅಲ್ಲಿ ಒಂದು ನೆಲೆಯಾದ ಮೇಲೆ ಮೊದಲಿನ ಹಾಗೆ ಊಟದ ಹೊತ್ತಿಗೆ ಕರೆ ಮಾಡ್ತೀನಿ, ನೀವೂ ಬಂದು ಕೂತ್ಕೊಳ್ಳಿ ಅಂತ. ಒಳಗಿದ್ದ ನನಗೇ ಕೇಳಿಸ್ತು."

ಅಸ್ಪಷ್ಟವಾಗಿದ್ದದ್ದು ಅದು.

"ಮಂಗಳವಾರ ನಾನು ಹೇಳಿದ್ದನ್ನ ಅವಳಿಗೆ ಹೇಳಿದ್ರಾ? ಇಷ್ಟ ಬಂದ ಹಾಗೆ ಅಂತ?"

"ಎಲ್ಲಾದ್ರೂ ಉಂಟೇ. ಯೋಚನೆ ಮಾಡ್ತಿದಾರೆ, ಹೇಳ್ತಾರೆ ಅಂದೆ." ಅವರು ಮರದ ಕಡೆ ನೋಡುತ್ತಿದ್ದರು. "ಅಷ್ಟು ವರ್ಷ ಮೈಕಿನ ಮುಂದೆ ಕೂತೋನು ನಾನು. ಬಸ್ ತಡ ಅಂತ ಹೇಳ್ತೀವಿ. ಬರಲ್ಲ ಅಂತ ಹೇಳಿದ್ರೆ ಜನ ಎದ್ದು ಹೋಗ್ಬಿಡ್ತಾರೆ."

ಏಪ್ರಿಲ್ 19, ಶುಕ್ರವಾರ

ಬೆಳಗಿನಿಂದ ಮೊಬೈಲಿಗೆ ಮಾಡಿದೆ. ಪರೀಕ್ಷಾಲಯದೊಳಗೆ ಮೊಬೈಲ್ ಒಯ್ಯುವ ಹಾಗಿಲ್ಲ, ಬಾಗಿಲ ಹತ್ತಿರ ಪೆಟ್ಟಿಗೆಯಲ್ಲಿ ಹಾಕಿ ಹೋಗಬೇಕು ಎಂದು ಮಾವ ಹೇಳಿದರು. ಅವಳ ವಿಷಯ ಎಲ್ಲವೂ ಅವರಿಗೆ ಗೊತ್ತು.

ಊಟದ ಹೊತ್ತಿಗೆ ಮುಂಚೆಯೇ ಬಂದು ಕೂತೆ. ಇಬ್ಬರಿಗೂ ತಟ್ಟೆ. ಮಾವ ನನ್ನ ಕಾಲರು ಸರಿಮಾಡಿ, "ಸ್ವಲ್ಪ ಈ ಕಡೆ. ಅಲ್ಲಿ ಕೂತ್ರೆ ಅರ್ಧ ಕಿವಿ ಮಾತ್ರ ಕಾಣ್ತೀರಿ" ಅಂದರು. ಸರಿದು ಕೂತೆ. ಮರ ಆಡುತ್ತಿತ್ತು. ಕಾಗೆ ಬಂತು, ಹೋಯಿತು, ಬಂತು. ತಟ್ಟೆ ತಣ್ಣಗಾಯಿತು. ಅವಳು ಬರಲಿಲ್ಲ.

"ತಡ" ಅಂದರು ಮಾವ, ಘೋಷಣೆಯ ದನಿಯಲ್ಲಲ್ಲ.

ಎದ್ದು ನನ್ನ ಕೋಣೆಗೆ ಹೋಗಿ ಒಂದರಿಂದ ಐದರವರೆಗೆ ಆರಿಸಿದೆ. ಅವು ಆರಿದ್ದರಿಂದ ಏನೂ ಕಮ್ಮಿಯಾದ ಹಾಗೆ ಕಾಣಲಿಲ್ಲ. ಮೌಸು, ಕೀಲಿಮಣೆಗಳ ವೈರು ಇಲ್ಲಿಯವರೆಗೆ ಬರುವುದಿಲ್ಲ. ಕೊನೆಗೆ ಕಂಪ್ಯೂಟರನ್ನೇ ಎತ್ತಿ ತಂದು ಮಾವನ ಮಂಚದ ಪಕ್ಕ ನೆಲದ ಮೇಲಿಟ್ಟೆ. ಅದರ ಫ್ಯಾನುಗಳೆಲ್ಲ ಇಲ್ಲೇ ಬೀಸುತ್ತಿವೆ. ಮಾವ ಟೇಬಲ್ ಫ್ಯಾನ್ ಆರಿಸಿ, ಕರೆಂಟಾದರೂ ಉಳಿಯಲಿ ಅಂದರು.

ಯಾವ ಗುಂಡಿ ಒತ್ತಬೇಕೆಂದು ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಈ ಕಡೆಯಿಂದ ಯಾರೂ ಕರೆ ಮಾಡಿಯೇ ಇರಲಿಲ್ಲ. ಇಬ್ಬರೂ ಸೇರಿ ಹುಡುಕಿದೆವು. ಒತ್ತಿದೆ.

ಮರ ಹೋಗಿ ಪರದೆ ಕಪ್ಪಾಗಿದೆ. ಮೂಲೆಯ ಸಣ್ಣ ಚೌಕದಲ್ಲಿ ನಾವಿಬ್ಬರೂ ಕಾಣುತ್ತಿದ್ದೇವೆ. ಮಾವ ಕೂದಲು ನೇವರಿಸಿಕೊಳ್ಳುತ್ತಿದ್ದಾರೆ, ನಾನು ಮಂಡಿಯ ಮೇಲೆ ಇದನ್ನಿಟ್ಟುಕೊಂಡು ಬರೆಯುತ್ತಿದ್ದೇನೆ. ಕರೆ ಹೋಗುತ್ತಲೇ ಇದೆ. ಎರಡು ಸಲದ ಗುಣುಗು ಮುಗಿದು ಎಷ್ಟೋ ಹೊತ್ತಾಯಿತು.

ನಿನ್ನ ಕಡೆಯೂ ಇದು ತಾನೇ ಎತ್ತಿಕೊಳ್ಳುತ್ತದೆಯೇ, ಇಲ್ಲ, ಯಾರಾದರೂ ಎದ್ದು ಬರಬೇಕೇ?